ಸಿಟಿ ಮಕ್ಕಳಿಗೆ ಬೇಸಾಯ ಕಲಿಸೋದು ಎಲ್ಲಿಂದ ಶುರು ಮಾಡಬೇಕು?

ಬೆಂಗಳೂರಲ್ಲೇ ಬೆಳೆದ, ಹೈಸ್ಕೂಲು ಓದುವ ಇಬ್ಬರು ಮಕ್ಕಳಿಗೆ ಬೇಸಿಗೆ ರಜೆಯಲ್ಲಿ ಬೇಸಾಯದ ಪರಿಚಯ ಮಾಡಿಸಬೇಕು, ಮಾಗಡಿ ಹತ್ತಿರ ತವರುಮನೆಯ ಜಮೀನಿದೆ, ಬೋರ್‌ವೆಲ್ ಇದೆ, ಏನು ಮಾಡಿಸಲಿ ಅಂತ ಕೇಳಿದ್ದೀರಿ. ನಾನು ತುಮಕೂರು ಕಡೆ ರಾಗಿ, ಸೊಪ್ಪು ಬೆಳೆಯುವವನು. ರಜೆ ಬಂದರೆ ಅಕ್ಕನ ಮಕ್ಕಳು ನಮ್ಮಲ್ಲೇ ಇರುತ್ತಾರೆ. ಅವರನ್ನು ನೋಡಿ ಹೇಳುತ್ತೇನೆ: ಎಲ್ಲವನ್ನೂ ತೋರಿಸಲು ಹೋಗಬೇಡಿ. ಒಂದೆರಡು ಮಡಿ ಸೊಪ್ಪನ್ನು ಬಿತ್ತನೆಯಿಂದ ಮಾರಾಟದವರೆಗೆ ಪೂರ್ತಿ ಅವರಿಗೇ ಬಿಟ್ಟುಬಿಡಿ.

ಸೊಪ್ಪೇ ಯಾಕೆಂದರೆ, ಏಪ್ರಿಲ್-ಮೇನಲ್ಲಿ ನಮ್ಮ ಕಡೆ ಮಳೆ ನಂಬಿದ ಹೊಲಗಳೆಲ್ಲ ಖಾಲಿ. ಗೊಬ್ಬರ ಹೊಡೆಯುವುದು, ಮಳೆ ಬಿದ್ದರೆ ಉಳುಮೆ, ಅಷ್ಟೆ. ರಾಗಿ ಬಿತ್ತುವುದು ಜುಲೈ ಹೊತ್ತಿಗೆ, ಕೊಯ್ಲು ನವೆಂಬರ್-ಡಿಸೆಂಬರ್‌ಗೆ. ಎರಡೂ ಶಾಲೆ ನಡೆಯುವ ದಿನಗಳು. ಮೆಂತ್ಯ, ದಂಟು 25-30 ದಿನಕ್ಕೆ ಕೀಳಲು ಬರುತ್ತವೆ, ಕೊತ್ತಂಬರಿಗೆ 40-45 ದಿನ ಬೇಕು. ರಜೆ ಶುರುವಾದ ಕೂಡಲೇ ಬಿತ್ತಿದರೆ ಮೂರೂ ಕೈಗೆ ಸಿಗುತ್ತವೆ.

ಕೊತ್ತಂಬರಿ ಬೀಜವನ್ನು ಅವರ ಕೈಯಲ್ಲೇ ಒಡೆಸಿ. ಗೋಣಿಚೀಲದ ಮೇಲೆ ಹರಡಿ ಮಣೆಯಿಂದ ಮೆಲ್ಲಗೆ ಉಜ್ಜಿದರೆ ಒಂದೊಂದು ಕಾಳೂ ಎರಡು ಹೋಳಾಗುತ್ತದೆ, ಒಂದೊಂದು ಹೋಳೂ ಒಂದೊಂದು ಬೀಜ. ಜೋರಾಗಿ ಒತ್ತಿದರೆ ನುಚ್ಚಾಗಿ ಹಾಳು. ರಾತ್ರಿ ನೆನೆಹಾಕಿ, ಬೆಳಿಗ್ಗೆ ನೆರಳಲ್ಲಿ ಆರಿಸಿ ಬಿತ್ತಬೇಕು. ಮೆಂತ್ಯ ನಾಲ್ಕೈದು ದಿನಕ್ಕೆ ಮೊಳೆತು ಬರುತ್ತದೆ, ಕೊತ್ತಂಬರಿ ಎಂಟು-ಹತ್ತು ದಿನ ಕಾಯಿಸುತ್ತದೆ. ಅಷ್ಟರಲ್ಲಿ ಮಕ್ಕಳು ಸತ್ತೇಹೋಯ್ತು ಅಂತ ಮಣ್ಣು ಕೆದಕಲು ಶುರು ಮಾಡುತ್ತಾರೆ. ಬೈಯಬೇಡಿ, ಒಂದೆರಡು ಕಡೆ ಕೆದಕಲಿ. ಬಿಳಿ ಬೇರು ಇಳಿದದ್ದು ಕಂಡರೆ ಮಾರನೇ ದಿನ ನೀರು ಹಾಯಿಸಲು ನೀವು ಎಬ್ಬಿಸಬೇಕಾಗಿಲ್ಲ. ದಂಟಿನ ಬೀಜ ತೀರಾ ಸಣ್ಣದು, ಮರಳು ಬೆರೆಸಿ ಎರಚಿಸಿ.

ಮಾರಾಟವನ್ನಂತೂ ತಪ್ಪಿಸಲೇಬೇಡಿ. ನಮ್ಮ ಅಕ್ಕನ ಮಗಳು ಸಂತೆಯಲ್ಲಿ ಸೊಪ್ಪು ಹಾಕಿಕೊಂಡು ಕೂತಿದ್ದಳು. ಬಿಸಿಲೇರಿ ಕಟ್ಟುಗಳು ಬಾಡುತ್ತಿದ್ದ ಹಾಗೆ ಗಿರಾಕಿಗಳು ಅರ್ಧ ರೇಟಿಗೆ ಕೇಳತೊಡಗಿದರು. ಕೊಡಬೇಕೋ, ಗೋಣಿ ನೆನೆಸಿ ಹೊದಿಸಿ ಇನ್ನಷ್ಟು ಹೊತ್ತು ಕಾಯಬೇಕೋ, ಅವಳೇ ಯೋಚಿಸಬೇಕಾಯಿತು. ಸಂಜೆ ಬೀಜ, ಗೊಬ್ಬರದ ಖರ್ಚು ಕಳೆದು ಉಳಿದ ದುಡ್ಡನ್ನು ಕೈಗೆ ಕೊಟ್ಟಾಗ, "ಮಾವ, ಇದ್ರಲ್ಲಿ ನಮ್ಮ ಕೂಲಿ ಎಲ್ಲಿ ಹಿಡಿದ್ರಿ?" ಅಂದಳು. ಮನೆಯವರ ದುಡಿಮೆಗೆ ಕೂಲಿ ಬರೆಯದೆಯೇ ಲಾಭ ಬಂತು ಅಂದುಕೊಳ್ಳುವವರು ನಮ್ಮಲ್ಲಿ ಬಹಳ. ಅದು ಅವಳಿಗೆ ತಾನಾಗಿ ಹೊಳೆದದ್ದು ನನಗೆ ತುಂಬ ಖುಷಿ ಕೊಟ್ಟಿತು.

ಕೆಲವು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ಔಷಧಿ ಹೊಡೆಯುವ ದಿನ ಮಕ್ಕಳು ಹೊಲದ ಹತ್ತಿರ ಸುಳಿಯಬಾರದು. ಮಣ್ಣು ಪುಡಿ ಮಾಡುವ ರೋಟವೇಟರ್ ಓಡುವಾಗ ಟ್ರ್ಯಾಕ್ಟರ್ ಮೇಲೆ ಕೂರಿಸಬೇಡಿ. ಮೋಟರ್ ಸ್ಟಾರ್ಟರನ್ನು ದೊಡ್ಡವರೇ ಮುಟ್ಟಲಿ. ಅಕ್ಕಪಕ್ಕ ಕೃಷಿಹೊಂಡ ಇದೆಯಾ ನೋಡಿಕೊಳ್ಳಿ: ಒಳಗೆ ಹಾಸಿದ ಪ್ಲಾಸ್ಟಿಕ್ ಜಾರುತ್ತದೆ, ಬಿದ್ದರೆ ಈಜು ಬರುವವರಿಗೂ ಮೇಲೆ ಹತ್ತುವುದು ಕಷ್ಟ.

ದಸರಾ ರಜೆಗೂ ಕರೆದುಕೊಂಡು ಹೋಗಿ. ಆಗ ರಾಗಿ ತೆನೆ ಬಿಟ್ಟಿರುತ್ತದೆ, ರಾಗಿಯ ನಡುವೆ ಬೇರೆ ಬೆಳೆಗೆ ಬಿಡುವ ಅಕ್ಕಡಿ ಸಾಲಿನ ಹುಚ್ಚೆಳ್ಳು, ಅವರೆಯನ್ನೂ ನೋಡಬಹುದು. ಬೆಂಗಳೂರಿನ ಜಿಕೆವಿಕೆಯಲ್ಲಿ (ಕೃಷಿ ವಿಶ್ವವಿದ್ಯಾಲಯದ ಆವರಣ) ಸಾಮಾನ್ಯವಾಗಿ ನವೆಂಬರ್‌ನಲ್ಲಿ ಕೃಷಿ ಮೇಳ ನಡೆಯುತ್ತದೆ, ತಳಿಗಳನ್ನು ತಾಕಿನಲ್ಲೇ ಬೆಳೆದು ತೋರಿಸುತ್ತಾರೆ. ದೊಡ್ಡ ಮಗುವಿಗೆ ನಿಜಕ್ಕೂ ಆಸಕ್ತಿ ಕುದುರಿದರೆ, ಎಸ್ಸೆಸ್ಸೆಲ್ಸಿ ಆದಮೇಲೆ ಕೃಷಿ ವಿಶ್ವವಿದ್ಯಾಲಯಗಳ ಎರಡು ವರ್ಷದ ಕೃಷಿ ಡಿಪ್ಲೊಮಾ ಇದೆ, ಕನ್ನಡದಲ್ಲೇ ಪಾಠ.