ಕೃಷಿಮೇಳಕ್ಕೆ ಸರ್ಕಾರ ದುಡ್ಡು ಹಾಕಬೇಕೇ?

ಪ್ರಶ್ನೆ: ಅಕ್ಕಾ, ನಮಸ್ಕಾರ. ಮೂರೆಕರೆ ರಾಗಿ, ಒಂದಿಷ್ಟು ತೆಂಗು ಇರುವ ರೈತ ನಾನು. ಕೃಷಿಮೇಳ, ದನಗಳ ಜಾತ್ರೆಗೆಲ್ಲ ಸರ್ಕಾರ ಖರ್ಚು ಮಾಡುವುದು ದಂಡ, ಅದೇ ದುಡ್ಡನ್ನು ಬೆಳೆ ಪರಿಹಾರಕ್ಕೆ ಕೊಡಲಿ, ಬೇಕಾದ ಮಾಹಿತಿಯೆಲ್ಲ ಮೊಬೈಲಿನಲ್ಲೇ ಸಿಗುತ್ತದೆ ಅಂತ ನಮ್ಮೂರ ಹುಡುಗರ ವಾದ. ನನಗೂ ಹೌದೆನ್ನಿಸುತ್ತಿದೆ. ನೀವೇನಂತೀರಿ? – ಓದುಗ, ಗುಬ್ಬಿ ತಾಲ್ಲೂಕು

ಉತ್ತರ: ತಮ್ಮಾ, ಪರಿಹಾರ ಬೇಡ ಅನ್ನುವವಳಲ್ಲ ನಾನು. ಬೆಳೆ ಒಣಗಿದ ವರ್ಷ ಪಹಣಿ ಹಿಡಿದು ನಾನೂ ಸಾಲಿನಲ್ಲಿ ನಿಂತಿದ್ದೇನೆ. ಆದರೆ ಮೇಳದ ದುಡ್ಡು ಕಿತ್ತು ಅಲ್ಲಿಗೆ ಹಾಕಿ ಅನ್ನುವುದನ್ನು ಒಪ್ಪಲಾರೆ. ಯಾಕೆ ಅನ್ನುವುದನ್ನು ನಮ್ಮ ಮಾವನವರಿಂದಲೇ ಶುರು ಮಾಡುತ್ತೇನೆ.

ಸುಮಾರು ಹದಿನೈದು ವರ್ಷದ ಹಿಂದಿನ ಮಾತು. ಆ ಸಲ ನಮ್ಮ ಹೊಲದ ರಾಗಿಗೆ ಬೆಂಕಿ ರೋಗ ಬಿದ್ದಿತ್ತು. ತೆನೆಯ ಕುತ್ತಿಗೆ ಕಪ್ಪಾಗಿ ಕಾಳೆಲ್ಲ ಜೊಳ್ಳು. ನವೆಂಬರಿನಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಮೇಳಕ್ಕೆ ಹೊರಟಾಗ ಮಾವ ಆ ತೆನೆಗಳಲ್ಲಿ ನಾಲ್ಕನ್ನು ಪೇಪರಿನಲ್ಲಿ ಸುತ್ತಿಕೊಂಡು ಬಂದಿದ್ದರು. ಮಳಿಗೆಗಳ ಕಡೆ ತಿರುಗಿಯೂ ನೋಡದೆ ನೇರ ಪ್ರಾತ್ಯಕ್ಷಿಕೆ ತಾಕುಗಳಿಗೆ ಹೋದರು. ಒಂದೇ ಮಣ್ಣು, ಒಂದೇ ಮಳೆ, ಪಕ್ಕಪಕ್ಕದಲ್ಲಿ ಬೇರೆಬೇರೆ ತಳಿಯ ರಾಗಿ. ಜಿಪಿಯು-28ರ ಸಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ತೆನೆಯ ಕುತ್ತಿಗೆ ತಿರುಗಿಸಿ ನೋಡಿದರು. ಒಂದರಲ್ಲೂ ಕಪ್ಪಿರಲಿಲ್ಲ. ತೆನೆಯನ್ನು ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡರು. ಆಮೇಲೆ ಅಲ್ಲಿ ನಿಂತಿದ್ದ ವಿದ್ಯಾರ್ಥಿಯನ್ನು ಕೇಳಿದರು: "ಹುಲ್ಲು ಎಷ್ಟು ಬತ್ತದಪ್ಪಾ? ದನ ತಿಂತವಾ?"

ಬೋರ್ಡಿನಲ್ಲಿ ಎಷ್ಟು ದಿನದ ಬೆಳೆ, ಎಷ್ಟು ಇಳುವರಿ ಅಂತ ಬರೆದಿತ್ತು. ಹುಲ್ಲಿನ ಲೆಕ್ಕ ಇರಲಿಲ್ಲ. ಆ ಹುಡುಗ ಓಡಿಹೋಗಿ ತನ್ನ ಮೇಷ್ಟರನ್ನೇ ಕರೆತಂದ. ಅವರು ಬಿಸಿಲಿನಲ್ಲೇ ಕಾಲು ಗಂಟೆ ನಿಂತು, ನಮ್ಮ ಜೊಳ್ಳು ತೆನೆಗಳನ್ನೂ ಬಿಡಿಸಿ ನೋಡಿ, 110–115 ದಿನದ ಈ ತಳಿಯನ್ನು ನಮ್ಮ ಮಳೆಗೆ ಯಾವಾಗ ಬಿತ್ತಬೇಕು, ಮಳೆ ಬೇಗ ಹಿಡಿದರೆ ಎಂಆರ್-6ರಂಥ ದೀರ್ಘಾವಧಿ ತಳಿ ಯಾಕೆ ಆಗಬಹುದು ಅಂತ ವಿವರಿಸಿದರು. ಮುಂದಿನ ವರ್ಷ ಕೆಳಗಿನ ಹೊಲದ ಅರ್ಧ ಎಕರೆಗೆ ಹಾಕಿದೆವು. ಅದರ ಮರುವರ್ಷ ಕೇರಿಯ ನಾಲ್ಕು ಮನೆಯವರು ಬಿತ್ತನೆಗೆ ಸೇರುಗಟ್ಟಲೆ ಇಸ್ಕೊಂಡು ಹೋದರು.

ಆ ಕೊನೆಯ ಮಾತನ್ನು ಸ್ವಲ್ಪ ಗಮನಿಸಿ. ರಾಗಿ ಬೀಜವನ್ನು ರೈತ ತನ್ನ ಕಣದಲ್ಲೇ ಎತ್ತಿಡಬಹುದು, ನೆರೆಯವರಿಗೂ ಕೊಡಬಹುದು. ಪ್ರತಿ ವರ್ಷ ಹೊಸದಾಗಿ ಕೊಳ್ಳಲೇಬೇಕಾದ ಹೈಬ್ರಿಡ್ ಮುಸುಕಿನ ಜೋಳಕ್ಕಾದರೆ ಕಂಪನಿಗಳು ತಾವಾಗಿಯೇ ಮಳಿಗೆ ಹಾಕುತ್ತವೆ. ಒಂದು ಸಲ ಕೊಟ್ಟರೆ ಮತ್ತೆ ಗಿರಾಕಿ ಬರದ ರಾಗಿಗೆ ಯಾವ ವ್ಯಾಪಾರಿ ತಾಕು ಮಾಡಿ ತೋರಿಸುತ್ತಾನೆ ಹೇಳಿ? ನವೆಂಬರಿನಲ್ಲಿ ತೆನೆ ಕಾಣಬೇಕಾದರೆ ಜುಲೈ, ಆಗಸ್ಟಿನಲ್ಲೇ ಬಿತ್ತಬೇಕು, ಕುಂಟೆ ಹೊಡೆಯಬೇಕು, ಕಳೆ ಕೀಳಬೇಕು. ಮೇಳ ನಾಲ್ಕು ದಿನದ್ದು, ಅದರ ಕೂಲಿ ನಾಲ್ಕು ತಿಂಗಳದ್ದು. ಅದನ್ನು ಸರ್ಕಾರವೇ ಕೊಡಬೇಕು. ಸರ್ಕಾರ ಕೈಬಿಟ್ಟರೆ ಮೇಳ ನಡೆಯಬಹುದು. ತಾಕುಗಳಿದ್ದ ಜಾಗದಲ್ಲಿ ಬಾಡಿಗೆ ಕಟ್ಟಿದವರ ಅಂಗಡಿ ಇರುತ್ತದೆ, ಅಷ್ಟೆ. ಇಂಥ ಖರ್ಚು ಈಚಿನದೇನೂ ಅಲ್ಲ. ಹೊಸದೇನಿದೆ ಅಂತ ಜನರಿಗೆ ತೋರಿಸಲೆಂದೇ ಹತ್ತನೇ ಚಾಮರಾಜ ಒಡೆಯರು 1880ರಲ್ಲಿ ಮೈಸೂರಿನಲ್ಲಿ ದಸರಾ ವಸ್ತುಪ್ರದರ್ಶನ ಆರಂಭಿಸಿದ್ದು.

ಮೊಬೈಲನ್ನು ನಾನೂ ನೋಡುತ್ತೇನೆ, ಉಪಯೋಗವೂ ಇದೆ. ಆದರೆ ತೆನೆಯ ಕುತ್ತಿಗೆ ತಿರುಗಿಸಿ ನೋಡುವುದಕ್ಕೆ ಅದರಲ್ಲಿ ಆಗುವುದಿಲ್ಲ.

ಇನ್ನು ದನಗಳ ಜಾತ್ರೆ. ಘಾಟಿ, ಚುಂಚನಕಟ್ಟೆ, ಮುಡುಕುತೊರೆ, ಬೇಬಿ ಬೆಟ್ಟ, ಇವೆಲ್ಲ ದೇವರ ಜಾತ್ರೆಗಳೇ. ಹಳ್ಳಿಕಾರ್ ಅನ್ನುವ ನಾಟಿ ತಳಿಯ ದನ ಸಾಕುವವರಿಗೆ ಮಾರುಕಟ್ಟೆಯೂ ಅವೇ. ಹಳ್ಳಿಕಾರ್ ಹಸು ದಿನಕ್ಕೆ ಎರಡು ಲೀಟರ್ ಕೊಟ್ಟರೆ ಹೆಚ್ಚು. ಡೇರಿಗೆ ಹಾಲು ಹಾಕಿ ಅದನ್ನು ಸಾಕಲಾಗದು. ಹೋರಿಕರು ಹುಟ್ಟಿ, ಅದಕ್ಕೊಂದು ಜೊತೆ ಹುಡುಕಿ, ಹುರುಳಿ ತಿನ್ನಿಸಿ ಬೆಳೆಸಿ, ಜಾತ್ರೆಯಲ್ಲಿ ಹಲ್ಲು, ಸುಳಿ, ನಡಿಗೆ ನೋಡುವ ಗಿರಾಕಿಗೆ ಜೋಡಿ ಕೊಟ್ಟಾಗಲೇ ಆ ಹಸುವಿನ ಖರ್ಚು ಹುಟ್ಟುವುದು. 2022ರಲ್ಲಿ ಚರ್ಮಗಂಟು ರೋಗ ಹರಡಿ ಜಾತ್ರೆಗಳಿಗೆ ತಡೆ ಬಿತ್ತಲ್ಲ, ರೋಗ ತಡೆಯಲು ಅದು ಬೇಕಿತ್ತು, ತಪ್ಪು ಅನ್ನಲಾರೆ. ಆದರೆ ಆ ವರ್ಷ ನಮ್ಮ ಪಕ್ಕದ ಮನೆಯವರು ಎರಡು ಹಲ್ಲಿನ ಜೋಡಿಯನ್ನು ಕಟ್ಟಿಹಾಕಿಕೊಂಡು, ಮೇವಿಗೆ ಸಾಲ ಮಾಡಿ, ಕೊನೆಗೆ ಮನೆ ಬಾಗಿಲಿಗೆ ಬಂದ ದಳ್ಳಾಳಿ ಹೇಳಿದ ಬೆಲೆಗೇ ಕೊಟ್ಟರು. ನಾಲ್ಕು ಗಿರಾಕಿ ಸೇರುವ ಜಾಗ ಇಲ್ಲದಿದ್ದರೆ ಆಗುವುದು ಇದೇ.

ಅಂಥ ಜಾಗದಲ್ಲಿ ಸರ್ಕಾರ ಮಾಡಬೇಕಾದ್ದು ನೀರಿನ ತೊಟ್ಟಿ, ದೀಪ, ನೆರಳು, ಪಶುವೈದ್ಯರು, ಕಾಲುಬಾಯಿ ಜ್ವರದ ಲಸಿಕೆ. ಒಂದು ಜಾತ್ರೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ತೊಟ್ಟಿ ಬರಿದಾಗಿ, ನಾನೂ ನನ್ನ ಮಗನೂ ಕೊಡದಲ್ಲಿ ನೀರು ಹೊತ್ತು ಎತ್ತುಗಳಿಗೆ ಕುಡಿಸಿದೆವು. ಅವು ಕೊಡದ ತಳದವರೆಗೂ ಮೂತಿ ತೂರಿಸಿ ನೆಕ್ಕುತ್ತಿದ್ದುದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅನುದಾನ ಕಡಿಮೆಯಾದರೆ ಮೊದಲು ಬರಿದಾಗುವುದು ಆ ತೊಟ್ಟಿಯೇ.

ನಿಮ್ಮೂರ ಹುಡುಗರ ಸಿಟ್ಟಿನಲ್ಲಿ ನ್ಯಾಯವೂ ಇದೆ. ವೇದಿಕೆ, ಫ್ಲೆಕ್ಸು, ಹಾರ ತುರಾಯಿಗೆ ಹೋಗುವ ದುಡ್ಡನ್ನು ಕಡಿಮೆ ಮಾಡಲಿ, ಖರ್ಚಿನ ಲೆಕ್ಕ ಕೇಳಲಿ. ಕೇಳಿದ್ದನ್ನು ಬಜೆಟ್ಟಿಗೆ ಮೊದಲೇ ನಿಮ್ಮ ಶಾಸಕರಿಗೂ ಬರೆಯಲಿ: ತಾಕಿಗೆ ಎಷ್ಟು, ತೊಟ್ಟಿಗೆ ಎಷ್ಟು, ಲಸಿಕೆಗೆ ಎಷ್ಟು?

ಪ್ರಶ್ನೆ: ಮೊದಲ ಸಲ ಮೇಳಕ್ಕೆ ಹೋಗುತ್ತಿದ್ದೇನೆ. ಏನು ತೆಗೆದುಕೊಂಡು ಹೋಗಲಿ? – ಓದುಗಳು, ಹಾವೇರಿ ಜಿಲ್ಲೆ

ಉತ್ತರ: ನಿಮಗೆ ಧಾರವಾಡ ಹತ್ತಿರ, ಅಲ್ಲಿ ಮೇಳ ಸೆಪ್ಟೆಂಬರಿನಲ್ಲಿ. ರೋಗ ಬಿದ್ದ ಎಲೆಯೋ ಕಾಯಿಯೋ ಇದ್ದರೆ ಹಳೆ ಪೇಪರಿನಲ್ಲಿ ಸುತ್ತಿ ಒಯ್ಯಿರಿ, ಪ್ಲಾಸ್ಟಿಕ್ ಚೀಲದಲ್ಲಿ ಬೆವೆತು ಕೊಳೆಯುತ್ತದೆ. ಬಿತ್ತಿದ ದಿನ, ಹಾಕಿದ ಗೊಬ್ಬರ, ಹೊಡೆದ ಔಷಧಿಯ ಹೆಸರು ಒಂದು ಚೀಟಿಯಲ್ಲಿರಲಿ. ಬೆಳಿಗ್ಗೆಯೇ ಹೋಗಿ ಮೊದಲು ತಾಕುಗಳನ್ನು ನೋಡಿ, ಬಿಸಿಲೇರಿದ ಮೇಲೆ ಮಳಿಗೆಗಳನ್ನು ಸುತ್ತಿದರಾಯಿತು. ನಿಮ್ಮ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಬೀಜ ಎತ್ತಿಡುವುದು ಅವರಾದರೆ, ಏನು ಕೇಳಬೇಕು ಅನ್ನುವುದೂ ಅವರಿಗೇ ಗೊತ್ತಿರುತ್ತದೆ.