ಕಾನೂನು ಸಲಹೆ: ತೋಟದ ಮೇಲಿನ ಲೈನ್, ಹೊಲದೊಳಗಿನ ಸೋಲಾರ್

ಪ್ರಶ್ನೆ: ನಮಗೆ ತಿಪಟೂರು ತಾಲ್ಲೂಕಿನಲ್ಲಿ ಮೂರು ಎಕರೆ ತೆಂಗಿನ ತೋಟವಿದೆ. ಅದರ ನಡುವೆ ಹೈಟೆನ್ಷನ್ ಲೈನ್ ಹಾದುಹೋಗುತ್ತದೆ, ಒಂದು ಟವರ್ ಕೂಡ ನಮ್ಮಲ್ಲೇ ನಿಲ್ಲುತ್ತದೆ ಎಂದು ಸರ್ವೆಗೆ ಬಂದವರು ಗುರುತು ಮಾಡಿ ಹೋಗಿದ್ದಾರೆ. ನಾವು ಒಪ್ಪಿಗೆ ಕೊಟ್ಟಿಲ್ಲ. ಈಗ ಗುತ್ತಿಗೆದಾರರ ಕಡೆಯವರು ಮರಗಳ ಪರಿಹಾರವೆಂದು ಹೇಳಿ, ಮೊತ್ತ ಬರೆಯದ ರಸೀದಿಗೆ ಸಹಿ ಕೇಳುತ್ತಿದ್ದಾರೆ. ತಡೆಯಾಜ್ಞೆ ತರಬಹುದೇ?

ಉತ್ತರ: ಮೊದಲನೆಯದಾಗಿ, ಮೊತ್ತ ಬರೆಯದ ರಸೀದಿಗೆ ಸಹಿ ಹಾಕಬೇಡಿ. ತಡೆಯಾಜ್ಞೆಯ ಮಾತು ಅದರ ನಂತರದ್ದು.

ಲೈನ್ ಎಳೆಯುವ ಸಂಸ್ಥೆಗೆ ವಿದ್ಯುಚ್ಛಕ್ತಿ ಕಾಯ್ದೆ 2003ರ 164ನೇ ಕಲಂ ಅಡಿಯಲ್ಲಿ ಸರ್ಕಾರವು ಟೆಲಿಗ್ರಾಫ್ ಪ್ರಾಧಿಕಾರದ ಅಧಿಕಾರವನ್ನು, ಅಂದರೆ 1885ರ ಟೆಲಿಗ್ರಾಫ್ ಕಾಯ್ದೆಯಂತೆ ಇತರರ ಜಮೀನಿನಲ್ಲಿ ಕಂಬ ನಿಲ್ಲಿಸಿ ತಂತಿ ಎಳೆಯುವ ಅಧಿಕಾರವನ್ನು, ಆದೇಶದ ಮೂಲಕ ಕೊಟ್ಟಿದೆಯೇ ಎಂಬುದನ್ನು ತಿಳಿದುಕೊಳ್ಳಿ. ಆದೇಶದ ಪ್ರತಿಯನ್ನು ಬರವಣಿಗೆಯಲ್ಲಿ ಕೇಳಿ. ಅಂಥ ಆದೇಶ ಇಲ್ಲದಿದ್ದರೆ ಪರವಾನಗಿ ಪಡೆದ ವಿದ್ಯುತ್ ಸಂಸ್ಥೆಗಳಿಗಾಗಿ ಇರುವ 2006ರ ಲೈಸೆನ್ಸಿ ಕಾಮಗಾರಿ ನಿಯಮಗಳು ಅನ್ವಯಿಸುತ್ತವೆ; ಆಗ ಜಮೀನಿನ ಮಾಲೀಕರ ಒಪ್ಪಿಗೆ ಬೇಕು, ಮಾಲೀಕರು ಆಕ್ಷೇಪಿಸಿದರೆ ಜಿಲ್ಲಾ ದಂಡಾಧಿಕಾರಿಯ ಅನುಮತಿ ಬೇಕು. ಆದೇಶ ಇದ್ದರೆ ನಿಮ್ಮ ಒಪ್ಪಿಗೆಯ ಅಗತ್ಯವೇ ಇಲ್ಲ. ಪವರ್‌ಗ್ರಿಡ್ ಮತ್ತು ಸೆಂಚುರಿ ಟೆಕ್ಸ್‌ಟೈಲ್ಸ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. 2023ರ ದೂರಸಂಪರ್ಕ ಕಾಯ್ದೆ ಬಂದ ಮೇಲೆ 1885ರ ಟೆಲಿಗ್ರಾಫ್ ಕಾಯ್ದೆಗೆ ಬೆಲೆಯಿಲ್ಲವೆಂದು ಊರಿನಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ವಿದ್ಯುತ್ ಪ್ರಸರಣ ಮಾರ್ಗಗಳ ಮಟ್ಟಿಗೆ ಹಳೆಯ ಕಾಯ್ದೆಯ ಮೂರನೇ ಭಾಗವನ್ನು ಹೊಸ ಕಾಯ್ದೆಯೇ ಉಳಿಸಿಕೊಂಡಿದೆ. ಆದುದರಿಂದ ಲೈನ್ ನಿಲ್ಲಿಸುವ ವ್ಯಾಜ್ಯಕ್ಕೆ ಹಣ ಸುರಿಯುವ ಮೊದಲು ಯೋಚಿಸಿ. ಜಿಲ್ಲಾ ದಂಡಾಧಿಕಾರಿಯ ಆದೇಶವಾದ ಮೇಲೂ ಕೆಲಸಕ್ಕೆ ಅಡ್ಡಿಪಡಿಸಿದರೆ ಅದು ಅಪರಾಧವಾಗುತ್ತದೆ.

ನಿಮ್ಮ ಬಲವಿರುವುದು ಪರಿಹಾರದಲ್ಲಿ. ಅದು ಕೇವಲ ಮರಗಳ ಬೆಲೆಯಲ್ಲ. ಕೇಂದ್ರ ಇಂಧನ ಸಚಿವಾಲಯವು 2024ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಟವರ್‌ನ ತಳದ ಜಾಗಕ್ಕೆ ಭೂಮಿಯ ಬೆಲೆಯ 200 ಶೇಕಡಾ, ತಂತಿಯ ಕೆಳಗಿನ ಪಟ್ಟಿಗೆ 30 ಶೇಕಡಾ ಪರಿಹಾರ ಸಲ್ಲಬೇಕು. ಮರ ಮತ್ತು ಬೆಳೆಯ ನಷ್ಟ ಇದಕ್ಕೆ ಹೊರತು. ತಳವೆಂದರೆ ನಾಲ್ಕು ಕಾಲುಗಳ ನಡುವಿನ ಜಾಗ ಮಾತ್ರವಲ್ಲ, ಪ್ರತಿ ಬದಿಗೆ ಇನ್ನೂ ಒಂದು ಮೀಟರ್ ಸೇರಬೇಕು.

ಒಂದು ಲೆಕ್ಕ ನೋಡಿ. ಭೂಮಿಯ ಬೆಲೆ ಎಕರೆಗೆ 20 ಲಕ್ಷ, ಅಂದರೆ ಗುಂಟೆಗೆ 50 ಸಾವಿರ ಎಂದಿಟ್ಟುಕೊಳ್ಳೋಣ. ಕಾಲುಗಳ ಅಂತರ 10 ಮೀಟರ್ ಇದ್ದರೆ ತಳ 12 ಮೀಟರ್ ಚೌಕವಾಗುತ್ತದೆ. ಅದು ಗುಂಟೆ ಒಂದೂವರೆಗಿಂತ ಸ್ವಲ್ಪ ಕಡಿಮೆ. ಪರಿಹಾರ ಸುಮಾರು 1 ಲಕ್ಷ 42 ಸಾವಿರ. ತಂತಿಯ ಪಟ್ಟಿ 35 ಮೀಟರ್ ಅಗಲವಿದ್ದು ನಿಮ್ಮ ತೋಟದಲ್ಲಿ 60 ಮೀಟರ್ ಉದ್ದ ಸಾಗಿದರೆ, ಟವರ್‌ನ ತಳ ಕಳೆದು ಉಳಿಯುವುದು 19 ಗುಂಟೆಗೂ ಮೇಲೆ. ಅದರ ಪರಿಹಾರ ಸುಮಾರು 2 ಲಕ್ಷ 90 ಸಾವಿರ. ಜನ ಟವರ್‌ಗಾಗಿ ವಾದಿಸುತ್ತಾರೆ, ತಂತಿಯ ಕೆಳಗಿನ ದೊಡ್ಡ ಮೊತ್ತವನ್ನು ಕೇಳುವುದನ್ನೇ ಮರೆಯುತ್ತಾರೆ. ತೆಂಗು ಆ ಪಟ್ಟಿಯೊಳಗೆ ಮತ್ತೆ ಎಂದೂ ಏಳಲಾರದು.

ಇದು ಕಾಯ್ದೆಯಲ್ಲ, ಮಾರ್ಗಸೂಚಿ; 66 ಕಿಲೋವೋಲ್ಟ್ ಮತ್ತು ಅದಕ್ಕಿಂತ ಮೇಲಿನ ಮಾರ್ಗಗಳಿಗೆ ಮಾತ್ರ. ರಾಜ್ಯಗಳು ಇದನ್ನು ಹಾಗೆಯೇ ಅಥವಾ ಬದಲಿಸಿ ಒಪ್ಪಿಕೊಳ್ಳಬಹುದಾದ್ದರಿಂದ, ನಿಮ್ಮ ಲೈನ್‌ಗೆ ಯಾವ ಆದೇಶದ ದರ ಅನ್ವಯಿಸುತ್ತದೆಂದು ಜಿಲ್ಲಾಧಿಕಾರಿ ಕಚೇರಿಯಿಂದ ಬರಹದಲ್ಲೇ ಪಡೆಯಿರಿ.

ಕೊಟ್ಟ ಮೊತ್ತ ಸಾಲದಿದ್ದರೆ ಟೆಲಿಗ್ರಾಫ್ ಕಾಯ್ದೆಯ 16(3)ನೇ ಕಲಂ ಅಡಿ ಜಿಲ್ಲಾ ನ್ಯಾಯಾಧೀಶರಿಗೆ ಅರ್ಜಿ ಸಲ್ಲಿಸಬೇಕು. ಅವಧಿ ಮೂರು ವರ್ಷ. ಕೇರಳ ವಿದ್ಯುತ್ ಮಂಡಳಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1976ರಲ್ಲೇ ಈ ಅರ್ಜಿಗೆ ಕಾಲಮಿತಿ ಕಾಯ್ದೆಯ 137ನೇ ವಿಧಿ ಅನ್ವಯಿಸುತ್ತದೆಂದು ತೀರ್ಮಾನಿಸಿತು. ಕಚೇರಿಗೆ ಅಲೆದಾಡಿಯೇ ಈ ಮೂರು ವರ್ಷ ಕಳೆದುಕೊಂಡವರನ್ನು ನಾನು ಬಹಳ ನೋಡಿದ್ದೇನೆ. ಜಿಲ್ಲಾ ನ್ಯಾಯಾಧೀಶರ ತೀರ್ಪೇ ಅಂತಿಮವೆಂದು ಕಾಯ್ದೆ ಹೇಳುವುದರಿಂದ, ಮರಗಳನ್ನು ಕಡಿಯುವ ಮುನ್ನ ತೆಗೆದ ಫೋಟೊ, ಮಹಜರಿನ ಪ್ರತಿ, ಮರಗಳ ಎಣಿಕೆ, ಕಾಯಿ ಮಾರಿದ ಚೀಟಿಗಳು ಮೊದಲ ಸಲವೇ ನ್ಯಾಯಾಲಯದಲ್ಲಿರಬೇಕು. ಹಣವನ್ನು ಪಡೆಯುವಾಗ ‘ಆಕ್ಷೇಪಣೆಗೆ ಒಳಪಟ್ಟು’ ಎಂದು ಬರೆದು ಸಹಿ ಮಾಡಿ. ಟವರ್ ನಿಂತರೂ ಆ ನೆಲದ ಒಡೆತನ ನಿಮ್ಮದೇ. ಅವರಿಗೆ ಸಿಗುವುದು ಬಳಕೆಯ ಹಕ್ಕು ಮಾತ್ರ. ಪಹಣಿ ಬದಲಾಗಬೇಕಿಲ್ಲ.

ಪ್ರಶ್ನೆ: ಇದೇ ರೀತಿಯ ಲೈನ್‌ಗೆ ಬಂದ ಪರಿಹಾರವನ್ನು, ಪಹಣಿ ತನ್ನ ಹೆಸರಿನಲ್ಲಿದೆಯೆಂದು ಅಣ್ಣನೇ ಪಡೆದಿದ್ದಾನೆ. ಆಸ್ತಿ ಅಪ್ಪನದು, ಇನ್ನೂ ವಿಭಾಗವಾಗಿಲ್ಲ. ನಾನು ಮಗಳು. ನನಗೇನೂ ಇಲ್ಲವೇ? — ಅರಸೀಕೆರೆಯ ಓದುಗರು

ಉತ್ತರ: ಇದೆ. ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಪೂರ್ತಿ ಹಣ ಒಬ್ಬರದಾಗುವುದಿಲ್ಲ. ಯಾರಿಗೆ ಎಷ್ಟು ಎಂಬ ತಕರಾರನ್ನು ಜಿಲ್ಲಾ ನ್ಯಾಯಾಧೀಶರೇ ತೀರ್ಮಾನಿಸಲು ಟೆಲಿಗ್ರಾಫ್ ಕಾಯ್ದೆಯ 16(4)ರಲ್ಲಿ ಅವಕಾಶವಿದೆ. ಹಣ ಈಗಾಗಲೇ ಸಂದಾಯವಾಗಿದ್ದರೂ ಪಡೆದವರ ಮೇಲೆ ದಾವೆ ಹೂಡಿ ನಿಮ್ಮ ಪಾಲನ್ನು ವಸೂಲು ಮಾಡುವ ಹಕ್ಕನ್ನು 16(5) ಉಳಿಸಿದೆ. ಮುಂದಿನ ಕಂತುಗಳು ಬಾಕಿಯಿದ್ದರೆ ಇಂದೇ ಲಿಖಿತ ತಕರಾರು ಸಲ್ಲಿಸಿ ಸ್ವೀಕೃತಿ ಪಡೆಯಿರಿ.

ಪ್ರಶ್ನೆ: ಚಳ್ಳಕೆರೆ ಕಡೆಯ ನಮ್ಮ ನಾಲ್ಕು ಎಕರೆ ಮಳೆಯಾಶ್ರಿತ ಹೊಲವನ್ನು ಖಾಸಗಿ ಸೋಲಾರ್ ಕಂಪನಿಯೊಂದು ಮೂವತ್ತು ವರ್ಷ ಗುತ್ತಿಗೆಗೆ ಕೇಳುತ್ತಿದೆ. ಛಾಪಾ ಕಾಗದದ ಮೇಲೆ ಕರಾರು ಬರೆದುಕೊಟ್ಟರೆ ಮುಂಗಡ ಕೊಡುತ್ತಾರಂತೆ. ಎರಡು ಎಕರೆ, ಪರಿಶಿಷ್ಟ ಜಾತಿಯವರೆಂದು ನಮ್ಮ ತಾತನಿಗೆ ಸರ್ಕಾರ ಮಂಜೂರು ಮಾಡಿದ ಜಮೀನು.

ಉತ್ತರ: ಆ ಎರಡು ಎಕರೆಯನ್ನು ಮೊದಲು ಬೇರೆ ಮಾಡಿ ನೋಡಿ. ಮಂಜೂರಾದ ಜಮೀನುಗಳ ಪರಭಾರೆಯನ್ನು ನಿಷೇಧಿಸುವ 1978ರ ಕಾಯ್ದೆಯಲ್ಲಿ, ಅಂದರೆ ಜನ ಪಿಟಿಸಿಎಲ್ ಎನ್ನುವ ಕಾಯ್ದೆಯಲ್ಲಿ, ಗುತ್ತಿಗೆಯೂ ಗುತ್ತಿಗೆಯ ಕರಾರೂ ಪರಭಾರೆಯೇ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಮುಂಗಡ ಪಡೆದರೆ ನಾಳೆ ಇಬ್ಬರಿಗೂ ತೊಂದರೆ.

ಉಳಿದ ಎರಡು ಎಕರೆಗೂ ಛಾಪಾ ಕಾಗದ ಸಾಲದು. ಒಂದು ವರ್ಷ ಮೀರಿದ ಗುತ್ತಿಗೆಯನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಜೊತೆಗೆ 1961ರ ಭೂ ಸುಧಾರಣಾ ಕಾಯ್ದೆಯ 5ನೇ ಕಲಂ, ಕೆಲವು ವಿನಾಯಿತಿಗಳ ಹೊರತು, ಕೃಷಿ ಭೂಮಿಯನ್ನು ಹೊಸದಾಗಿ ಗೇಣಿಗೆ ಕೊಡುವುದನ್ನು ತಡೆಯುತ್ತದೆ. ಆದುದರಿಂದ ಭೂಮಿಯ ಬಳಕೆ ಕೃಷಿಯೇತರಕ್ಕೆ ಬದಲಾದುದಕ್ಕೆ ಕಂದಾಯ ಇಲಾಖೆಯ ಯಾವ ದಾಖಲೆ ಇರುತ್ತದೆ, ಅದನ್ನು ಯಾರ ಖರ್ಚಿನಲ್ಲಿ ಪಡೆಯಲಾಗುತ್ತದೆ ಎಂಬುದು ಕರಾರಿನಲ್ಲಿರಲಿ.

ದರದ ವಿಷಯಕ್ಕೆ ಪಾವಗಡದ ಸೋಲಾರ್ ಪಾರ್ಕ್ ಹೋಲಿಕೆಗೆ ಸಿಗುತ್ತದೆ. ಅಲ್ಲಿ ಸುಮಾರು 13 ಸಾವಿರ ಎಕರೆಯನ್ನು ಕೊಳ್ಳದೆ ಗುತ್ತಿಗೆಗೆ ಪಡೆಯಲಾಯಿತು. ಆರಂಭದ ದರ ಎಕರೆಗೆ ವರ್ಷಕ್ಕೆ 21 ಸಾವಿರ, ಎರಡು ವರ್ಷಕ್ಕೊಮ್ಮೆ 5 ಶೇಕಡಾ ಏರಿಕೆ. ನನ್ನ ಅಭಿಪ್ರಾಯದಲ್ಲಿ ಆ ಏರಿಕೆ ಕಡಿಮೆ. ವರ್ಷಕ್ಕೆ ಎರಡೂವರೆ ಶೇಕಡಾ ಕೂಡ ಬೀಳದ ಏರಿಕೆಯಿಂದ ಮೂವತ್ತನೇ ವರ್ಷದ ಬಾಡಿಗೆಗೆ ಇಂದಿನ ಬೆಲೆ ಉಳಿಯದು. ವಾರ್ಷಿಕ ಏರಿಕೆಯನ್ನೇ ಕೇಳಿ. ಈ ಬಾಡಿಗೆ ಕೃಷಿ ಆದಾಯವಲ್ಲ, ಆದಾಯ ತೆರಿಗೆಯ ಲೆಕ್ಕಕ್ಕೆ ಬರುತ್ತದೆ ಎಂಬುದನ್ನೂ ಗಮನಿಸಿ.

ಕರಾರಿನಲ್ಲಿ ಸುಮ್ಮನಿದ್ದರೆ ಕಾನೂನು ಕಂಪನಿಯ ಪರ ನಿಲ್ಲುವ ಒಂದು ಸ್ಥಳವಿದೆ. ಸ್ವತ್ತು ವರ್ಗಾವಣೆ ಕಾಯ್ದೆಯ 108(ಜೆ) ಪ್ರಕಾರ, ಕರಾರು ಬೇರೆ ಹೇಳದಿದ್ದರೆ, ಜಮೀನನ್ನು ಗುತ್ತಿಗೆಗೆ ಪಡೆದವರು ತಮ್ಮ ಗುತ್ತಿಗೆ ಹಕ್ಕನ್ನು ಮತ್ತೊಬ್ಬರಿಗೆ ವರ್ಗಾಯಿಸಬಹುದು, ಅಡವಿಡಬಹುದು. ಸೋಲಾರ್ ಯೋಜನೆಗಳು ಬ್ಯಾಂಕ್ ಸಾಲದಿಂದಲೇ ಏಳುವುದರಿಂದ ಅಡಮಾನವನ್ನು ಪೂರ್ತಿ ನಿಷೇಧಿಸಿದರೆ ಕಂಪನಿ ಒಪ್ಪಲಾರದು. ಆದರೆ ಅಡಮಾನ ಗುತ್ತಿಗೆ ಹಕ್ಕಿನ ಮೇಲೆ ಮಾತ್ರ, ನೆಲದ ಮೇಲಲ್ಲ ಎಂದೂ, ಕೈ ಬದಲಾದರೆ ಹೊಸಬರು ಬಾಕಿ ಬಾಡಿಗೆಗೂ ಹೊಣೆ ಎಂದೂ ಬರೆಸಬಹುದು. ಅವಧಿ ಮುಗಿದಾಗ ಫಲಕ, ಕಾಂಕ್ರೀಟು ಕಿತ್ತು ನೆಲವನ್ನು ಉಳುವ ಸ್ಥಿತಿಗೆ ತರುವ ಖರ್ಚಿಗೆ ಬ್ಯಾಂಕ್ ಖಾತರಿ ಕೇಳಿ. ಕಂಪನಿಯವರು ಕೊಡುವ ಕರಡನ್ನು ಅವರ ವಕೀಲರೇ ಬರೆದಿರುತ್ತಾರೆ; ಸಹಿಗೆ ಮೊದಲು ನಿಮ್ಮ ಕಡೆಯ ವಕೀಲರೊಬ್ಬರಿಗೆ ಅದನ್ನು ಓದಲು ಕೊಡಿ.