ವೇಷ, ಗಂಟಲು, ಸಂಬಳ: ಒಬ್ಬ ಡ್ರ್ಯಾಗ್ ಕಲಾವಿದರ ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ನಮ್ಮಲ್ಲಿಗೆ ಆಪ್ತಸಲಹೆಗೆ ಬಂದವರು ಮೂವತ್ತರ ಹೊಸ್ತಿಲಲ್ಲಿರುವ ಕಲಾವಿದರು, ಕರಾವಳಿಯವರು. ಹೈಸ್ಕೂಲಿನಲ್ಲಿದ್ದಾಗಲೇ ಊರಿನ ಸಂಘದಲ್ಲಿ ಯಕ್ಷಗಾನ ಕಲಿತು ಸ್ತ್ರೀವೇಷ ಮಾಡುತ್ತಿದ್ದರು. ಈಗ ಬೆಂಗಳೂರಿನಲ್ಲಿ ಹಗಲು ಕಂಪನಿ ಕೆಲಸ, ಶನಿವಾರ ರಾತ್ರಿ ಡ್ರ್ಯಾಗ್ ಪ್ರದರ್ಶನ. ಗೆಳೆಯನೊಬ್ಬನ ಜೊತೆ ಸೇರಿ ಮಾಡಿದ ಎರಡು ಹಾಡುಗಳು ಹೊರಬಂದಿವೆ. ಸಿನಿಮಾವೊಂದರಿಂದ ಪಾತ್ರದ ಕರೆಯೂ ಬಂದಿತ್ತು. ತಾವು ಗೇ (ಸಲಿಂಗಾಸಕ್ತ) ಪುರುಷ, ವೇದಿಕೆಯ ಮೇಲೆ ‘ಅವಳು’, ವೇಷ ಕಳಚಿದ ಮೇಲೆ ‘ಅವನು’ ಎಂದು ಮೊದಲ ಭೇಟಿಯಲ್ಲೇ ಹೇಳಿದರು. ಇದನ್ನು ಊಹಿಸದೆ ಕೇಳಿಯೇ ತಿಳಿಯಬೇಕು. ಡ್ರ್ಯಾಗ್ ಎಂದರೆ ಸಾಮಾನ್ಯವಾಗಿ ಬೇರೆ ಲಿಂಗದ ವೇಷ ತೊಟ್ಟು ಹಾಡಿ ಕುಣಿದು ರಂಜಿಸುವ ಪ್ರದರ್ಶನ ಕಲೆ. ಅದನ್ನು ಮಾಡುವವರು ಗೇ ಆಗಿರಬಹುದು, ಟ್ರಾನ್ಸ್ ಆಗಿರಬಹುದು, ಎರಡೂ ಅಲ್ಲದೆ ಇರಬಹುದು.

ನಿದ್ದೆ ಸರಿಯಿಲ್ಲ, ಪ್ರದರ್ಶನದ ದಿನ ಎದೆಬಡಿತ, ಎರಡು ತಿಂಗಳಿಂದ ದನಿ ಒಡೆದಿದೆ. ಸಂಬಂಧಿಕರೊಬ್ಬರು ಪ್ರದರ್ಶನದ ವಿಡಿಯೊವನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದ್ದಾರೆ. ಅಪ್ಪಯ್ಯ ಮಾತು ಬಿಟ್ಟಿದ್ದಾರೆ, ಅಮ್ಮ ಹುಡುಗಿ ಹುಡುಕಲು ಶುರು ಮಾಡಿದ್ದಾರೆ. ‘ತಿಂಗಳ ಕೊನೆಗೆ ರಾಜೀನಾಮೆ ಕೊಟ್ಟು, ಮನೆಯಲ್ಲೂ ಹೇಳಿ, ಎಲ್ಲ ಒಂದೇ ಸಲ ಮುಗಿಸಿಬಿಡ್ತೇನೆ’ ಎಂದರು. ಇಂಥ ಮಾತು ಬಂದಾಗ ಸುತ್ತಿಬಳಸದೆ ಕೇಳಬೇಕು: ಸಾಯುವ ಯೋಚನೆ ಬಂದಿದೆಯೇ? ಎರಡು ರಾತ್ರಿ ಬಂದಿತ್ತು, ದಾರಿ ಯೋಚಿಸಿರಲಿಲ್ಲ ಎಂದರು. ಆದ್ದರಿಂದ ವೃತ್ತಿಯ ಮಾತಿಗೆ ಮೊದಲು ಸುರಕ್ಷತೆಯ ಏರ್ಪಾಡು ಬರೆದುಕೊಟ್ಟೆವು. ಪ್ರದರ್ಶನದ ರಾತ್ರಿ ಒಬ್ಬರೇ ಕೋಣೆಗೆ ಹೋಗುವಂತಿಲ್ಲ, ಆ ರಾತ್ರಿ ಕುಡಿಯುವಂತಿಲ್ಲ, ಕರೆ ಮಾಡಬೇಕಾದ ಇಬ್ಬರ ನಂಬರು ಕಾಗದದ ಮೇಲೆ ಪರ್ಸಿನಲ್ಲಿರಬೇಕು, ಅದರ ಕೆಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416. ಮನೋವೈದ್ಯರ ಭೇಟಿಯೂ ಅದೇ ವಾರ ಆಯಿತು.

ಈ ಪ್ರಕರಣದಲ್ಲಿ ನಾವು ಮತ್ತೆ ಮತ್ತೆ ಹೇಳಿದ್ದು ಒಂದೇ ಮಾತು: ಗಂಟಲು, ಸಂಬಳ, ಮನೆ ಮೂರನ್ನೂ ಒಂದೇ ಗಡುವಿಗೆ ಕಟ್ಟಬೇಡಿ. ಗಂಟಲು ಕಾಯುವುದಿಲ್ಲ. ಸಂಬಳದ ಪ್ರಶ್ನೆಗೆ ಒಂದು ವರ್ಷ ಬೇಕು. ಮನೆಯದಕ್ಕೆ ಗಡುವೇ ಇಲ್ಲ.

ಗಂಟಲಿನಿಂದಲೇ ಶುರು ಮಾಡಿದೆವು. ಯಕ್ಷಗಾನದಲ್ಲಿ ಹಾಡುವವರು ಭಾಗವತರು. ವೇಷಧಾರಿ ಕುಣಿಯುತ್ತಾನೆ, ಅರ್ಥ ಹೇಳುತ್ತಾನೆ. ಇವರಿಗೆ ಹೆಣ್ಣಿನ ನಡೆ, ಕಣ್ಣು, ಮಾತು ಎಲ್ಲ ಕೈವಶವಾಗಿದ್ದವು, ಆದರೆ ಹಾಡುವ ದನಿ ಪಳಗಿರಲಿಲ್ಲ. ಕಳ್ಳದನಿಯಲ್ಲಿ (ಫಾಲ್ಸೆಟೊ) ಮೇಲಿನ ಸ್ಥಾಯಿಗೆ ಹೋಗುವುದೇ ಹಾನಿಯಲ್ಲ. ಸೊಂಟಕ್ಕೆ ಕಾರ್ಸೆಟ್ ಬಿಗಿದಾಗ ಕೆಳಪಕ್ಕೆಲುಬು ಹಿಗ್ಗುವುದಿಲ್ಲ, ಉಸಿರು ಎದೆಯ ಮೇಲ್ಭಾಗದಲ್ಲೇ ನಿಲ್ಲುತ್ತದೆ, ಉಸಿರಿನ ಕೊರತೆಯನ್ನು ಗಂಟಲು ಹಿಂಡಿ ತುಂಬಿಸಿಕೊಳ್ಳುತ್ತದೆ. ಅದರ ಮೇಲೆ ಹೊಗೆ, ತಮ್ಮ ದನಿ ತಮಗೇ ಕೇಳದ ವೇದಿಕೆ, ಹಾಡುಗಳ ನಡುವೆ ಡಿಜೆ ಸದ್ದಿಗೆ ಎದುರಾಗಿ ಕೂಗಿ ನಿರೂಪಣೆ. ಹಾಡಿಗಿಂತ ಈ ಕೂಗಾಟವೇ ಹೆಚ್ಚು ಕೆಡಿಸುತ್ತದೆ. ಮೂರು ವಾರ ದಾಟಿದ ದನಿಯೊಡಕನ್ನು ಕಷಾಯ ಕುಡಿದು ಮುಂದೂಡಬಾರದು. ಇಎನ್‌ಟಿ ವೈದ್ಯರು ಲ್ಯಾರಿಂಗೋಸ್ಕೋಪಿ (ಧ್ವನಿಪೆಟ್ಟಿಗೆಯ ತಪಾಸಣೆ) ಮಾಡಿ ನೋಡಿದಾಗ ಸ್ವರತಂತುಗಳ ಮೇಲೆ ಆರಂಭದ ಗಂಟುಗಳಿದ್ದವು. ಈ ಹಂತದಲ್ಲಿ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಗಿಂತ ಮೊದಲು ಧ್ವನಿಚಿಕಿತ್ಸೆ. ರಜೆ ಹಾಕಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಿಕೊಂಡು, ಉಳಿದ ಅಭ್ಯಾಸವನ್ನು ಬೆಂಗಳೂರಿನಲ್ಲೇ ಮುಂದುವರಿಸಿದರು. ಆರು ವಾರ ಹಾಡು ಬಂದ್, ತುಟಿಚಲನೆಯ ಪ್ರದರ್ಶನ ಮಾತ್ರ. ಪಿಸುಮಾತು ಗಂಟಲಿಗೆ ವಿಶ್ರಾಂತಿಯಲ್ಲ ಎಂದು ಇವರಿಗೆ ಬೇರೆಯಾಗಿಯೇ ಹೇಳಬೇಕಾಯಿತು.

ಇನ್ನೊಂದು ಸಂಗತಿಯನ್ನು ಕಲಾವಿದರು ತಾವಾಗಿ ಹೇಳುವುದಿಲ್ಲ, ನಾವೇ ಕೇಳಬೇಕು: ನೀರು. ಒಳಗೆ ಟೇಪಿನಿಂದ ಟಕ್ ಮಾಡಿ (ಜನನಾಂಗದ ಉಬ್ಬು ಕಾಣದಂತೆ ಹಿಂದಕ್ಕೆ ಮಡಚಿ ಕಟ್ಟಿ), ಸೊಂಟಕ್ಕೆ ಫೋಮ್ ಪ್ಯಾಡ್, ಮೇಲೆ ಮೂರು ನಾಲ್ಕು ಜೊತೆ ಟೈಟ್ಸ್ ಎಳೆದ ಮೇಲೆ ಶೌಚಾಲಯಕ್ಕೆ ಹೋಗುವುದೆಂದರೆ ಇಡೀ ವೇಷ ಬಿಚ್ಚಿದಂತೆ. ಹಾಗಾಗಿ ಮಧ್ಯಾಹ್ನದಿಂದಲೇ ನೀರು ಬಿಡುತ್ತಾರೆ. ಸ್ವರತಂತು ಒಣಗುತ್ತದೆ, ಮೂತ್ರದ ಸೋಂಕು ಬರುತ್ತದೆ, ತಲೆಸುತ್ತು ಆತಂಕದಂತೆಯೇ ಕಾಣುತ್ತದೆ. ಇವರ ಎದೆಬಡಿತದಲ್ಲಿ ಇದರ ಪಾಲೂ ಇತ್ತು. ಬಣ್ಣ, ಹುಬ್ಬು, ವಿಗ್ ಮೊದಲು ಮುಗಿಸಿ, ಪ್ಯಾಡು ಟೇಪುಗಳನ್ನು ವೇದಿಕೆಗೆ ಅರ್ಧ ಗಂಟೆ ಮೊದಲು ಹಾಕಿಕೊಳ್ಳುವಂತೆ ಕ್ರಮ ಬದಲಿಸಿದೆವು. ತಾವೇ ಹಾಡುವುದು ಇದ್ದರೆ ಕಾರ್ಸೆಟ್ ಎರಡು ಇಂಚು ಸಡಿಲ. ನೋವು ಅಥವಾ ಜೋಮು ಬಂದರೆ ಟಕ್ ತಕ್ಷಣ ಬಿಚ್ಚಬೇಕು.

ಸಂಬಳದ ವಿಷಯದಲ್ಲಿ ಇವರ ಉತ್ಸಾಹಕ್ಕೆ ಲೆಕ್ಕದ ಆಧಾರವಿರಲಿಲ್ಲ, ಕೂತು ಬರೆಸಿದೆವು. ಒಂದು ಪ್ರದರ್ಶನಕ್ಕೆ 8,000 ರೂಪಾಯಿ. ಕ್ಯಾಬ್ 1,200, ರೆಪ್ಪೆ, ಅಂಟು, ಫೌಂಡೇಶನ್ ಸೇರಿ 700, ವಿಗ್ ಮತ್ತು ಉಡುಪಿನ ಸವೆತ 1,500, ಸಹಾಯಕನಿಗೆ 500. ಉಳಿದದ್ದು 4,100. ಹುಬ್ಬು ಮರೆಮಾಡಲು ಗ್ಲೂಸ್ಟಿಕ್ ಮೂರು ಪದರ ಹಚ್ಚಿ ಒಣಗಿಸುವುದರಿಂದ ಹಿಡಿದು ಬಣ್ಣಕ್ಕೆ ಮೂರು ಗಂಟೆ, ಓಡಾಟ, ಕಾಯುವಿಕೆ, ತೆಂಗಿನೆಣ್ಣೆಯಲ್ಲಿ ಬಣ್ಣ ತೆಗೆಯುವುದು, ವಾರದ ಅಭ್ಯಾಸ ಎಲ್ಲ ಸೇರಿ 15 ಗಂಟೆ. ಗಂಟೆಗೆ 275 ರೂಪಾಯಿಯೂ ಬೀಳುವುದಿಲ್ಲ. ಕೆಲಸವೂ ವರ್ಷವಿಡೀ ಒಂದೇ ಸಮ ಇರುವುದಿಲ್ಲ: ಜೂನ್‌ನಲ್ಲಿ ಕಂಪನಿಗಳ ಪ್ರೈಡ್ ಕಾರ್ಯಕ್ರಮ, ನವೆಂಬರ್ ಹೊತ್ತಿಗೆ ಬೆಂಗಳೂರಿನ ಲೈಂಗಿಕ ಅಲ್ಪಸಂಖ್ಯಾತರ ಮೆರವಣಿಗೆ ‘ನಮ್ಮ ಪ್ರೈಡ್’, ನಡುವೆ ಒಣ ತಿಂಗಳುಗಳು. ಯಕ್ಷಗಾನ ಮೇಳದ ಕಲಾವಿದರಿಗೆ ಆಟವಿಲ್ಲದ ಮಳೆಗಾಲ ಹೇಗೋ ಹಾಗೆ.

ಹೆಸರಾಂತ ಡ್ರ್ಯಾಗ್ ಕಲಾವಿದರಾದ ರಾಣಿ ಕೋ-ಹೆ-ನೂರ್ ಅವರ ಉದಾಹರಣೆಯನ್ನು ಇವರು ಮುಂದಿಟ್ಟರು. 2018ರಲ್ಲಿ ಹಿಂದಿಯ ‘ಸರೆಗಮಪ’ ವೇದಿಕೆಯಲ್ಲಿ ಗಂಡು ಹೆಣ್ಣು ಎರಡೂ ದನಿಯಲ್ಲಿ ಹಾಡಿದವರು ಅವರು. ಸ್ಫೂರ್ತಿ ಸರಿಯೇ. ಆದರೆ ಅದಕ್ಕೂ ನಾಲ್ಕು ವರ್ಷ ಮೊದಲೇ ಅವರು ಹಿಂದಿಯ ‘ಬಿಗ್ ಬಾಸ್’ ಮೂಲಕ ಟಿವಿ ನೋಡುವವರಿಗೆ ಪರಿಚಿತರಾಗಿದ್ದರು. ಡ್ರ್ಯಾಗ್ ಬಂದು ಕೂತದ್ದು ಆ ಪರಿಚಯದ ಮೇಲೆ. ಇವರಿಗೆ ಆ ತಳಪಾಯ ಇನ್ನೂ ಆಗಬೇಕಿದೆ.

ನಮ್ಮ ಸಲಹೆ ಹೀಗಿತ್ತು. ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿ ಕೂಡುವವರೆಗೆ, ಕಲೆಯ ಆದಾಯ ಸತತ ಒಂಬತ್ತು ತಿಂಗಳು ಬಾಡಿಗೆ ಮತ್ತು ಊಟದ ಖರ್ಚು ದಾಟುವವರೆಗೆ ರಾಜೀನಾಮೆ ಬೇಡ. ಕಂಪನಿಯ ನೇಮಕ ಪತ್ರದಲ್ಲಿ ಬೇರೆ ಆದಾಯಕ್ಕೆ ಅನುಮತಿ ಬೇಕೆಂಬ ಷರತ್ತಿದೆಯೇ ನೋಡಿ. ಪ್ರದರ್ಶನ ಒಪ್ಪುವಾಗ ಅರ್ಧ ಹಣ ಮುಂಗಡ, ಒಳಚಿಲಕವಿರುವ ಕೋಣೆ, ರಾತ್ರಿ ವಾಪಸಿನ ಕ್ಯಾಬ್, ವಿಡಿಯೊ ಎಲ್ಲಿ ಹಾಕುತ್ತಾರೆ, ರದ್ದಾದರೆ ಎಷ್ಟು ಕೊಡುತ್ತಾರೆ, ಇಷ್ಟನ್ನೂ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಒಪ್ಪಂದದಲ್ಲಿ ಪ್ಯಾನ್ ಕಾರ್ಡಿನ ಹೆಸರೂ ಇರಲಿ, ವೇದಿಕೆಯ ಹೆಸರೂ ಇರಲಿ. ವೇದಿಕೆಯ ಹೆಸರಿಗೆ ಬಂದ ಚೆಕ್ ನಗದಾಗದೆ ಸಿಕ್ಕಿಕೊಳ್ಳುವುದು ಮಾಮೂಲಿ. ಕಂಪನಿಗಳು ಹಿಡಿದ ಟಿಡಿಎಸ್ ವಾಪಸ್ ಬರಬೇಕಾದರೆ ರಿಟರ್ನ್ ಸಲ್ಲಿಸಲೇಬೇಕು.

ಹಾಡುಗಳದ್ದು ಇನ್ನೂ ಸಡಿಲವಾಗಿತ್ತು. ಸಾಹಿತ್ಯ ಇವರದು, ರಾಗ ಗೆಳೆಯನದು, ಯಾರ ಪಾಲು ಎಷ್ಟೆಂದು ಎಲ್ಲೂ ಬರೆದಿಲ್ಲ. ಒಂದು ಪುಟದಲ್ಲಿ ಶೇಕಡಾವಾರು ಬರೆದು ಇಬ್ಬರೂ ಸಹಿ ಹಾಕಿದರು. ಸಾಹಿತ್ಯ ಮತ್ತು ಸಂಯೋಜನೆಯ ರಾಯಲ್ಟಿ ವಸೂಲಿಗೆ ಐಪಿಆರ್‌ಎಸ್ ಎಂಬ ಸಂಘ, ಗಾಯಕರ ಪಾಲಿಗೆ ಇಸಾಮ್ರಾ ಎಂಬ ಸಂಘ; ಎರಡೂ ಬೇರೆ ಬೇರೆ ಸದಸ್ಯತ್ವ. ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ ನಂತರ ಸಾಹಿತಿ ಮತ್ತು ಸಂಗೀತಗಾರರ ಈ ರಾಯಲ್ಟಿ ಪಾಲನ್ನು ನಿರ್ಮಾಪಕರು ಪೂರ್ತಿ ಬರೆಸಿಕೊಳ್ಳಲು ಕಾನೂನು ಬಿಡುವುದಿಲ್ಲ. ಸಿನಿಮಾ ಹಾಡಿಗೆ ತುಟಿ ಆಡಿಸಿದ ವಿಡಿಯೊ ಎಷ್ಟೇ ಓಡಿದರೂ ಹಾಡಿನ ಹಣ ಹಕ್ಕುದಾರರಿಗೇ.

ಸಿನಿಮಾ ಪಾತ್ರ ಸೀರೆ ಉಟ್ಟು ಏಟು ತಿನ್ನುವ ಹಾಸ್ಯದ್ದು. ಒಪ್ಪಬೇಕೇ ಬೇಡವೇ ಎಂದು ನಾವು ಹೇಳಲಿಲ್ಲ, ಕೇಳಬೇಕಾದ ಪ್ರಶ್ನೆಗಳನ್ನು ಕೊಟ್ಟೆವು. ಪಾತ್ರಕ್ಕೆ ಹೆಸರಿದೆಯೇ? ಅದಕ್ಕೆ ತನ್ನದೇ ಆಸೆ, ಗುರಿ ಇದೆಯೇ, ಅಥವಾ ಇತರರು ನಗಲಿಕ್ಕಷ್ಟೇ ಇದೆಯೇ? ಮುಟ್ಟುವ, ಹೊಡೆಯುವ ದೃಶ್ಯ ಮೊದಲೇ ಓದಲು ಸಿಗುತ್ತದೆಯೇ? ಡಬ್ಬಿಂಗ್ ಯಾರದು? 12 ಗಂಟೆಯ ಕಾಲ್‌ಶೀಟಿನಲ್ಲಿ ವೇಷ ಸಡಿಲಿಸಲು ಎಷ್ಟು ಬಿಡುವು? ಹೆಸರೇ ಇರಲಿಲ್ಲ, ದೃಶ್ಯ ಓದಲೂ ಕೊಡಲಿಲ್ಲ. ಇವರೇ ಬಿಟ್ಟರು. ಬದಲಿಗೆ ಒಂದೊಂದು ನಿಮಿಷದ ಮೂರು ತುಣುಕು ಮಾಡಿಸಿದರು: ಬಣ್ಣವಿಲ್ಲದ ಮುಖದಲ್ಲಿ ಒಂದು, ಕುಂದಾಪುರದ ಮಾತಿನಲ್ಲಿ ಒಂದು, ಡ್ರ್ಯಾಗ್‌ನಲ್ಲಿ ಒಂದು. ಇಪ್ಪತ್ತು ಅಡಿ ದೂರಕ್ಕೆ ಬರೆದ ಬಣ್ಣ ಕ್ಯಾಮೆರಾ ಹತ್ತಿರ ಬಂದರೆ ಮುಖವಾಡವಾಗುತ್ತದೆ, ಅದನ್ನು ಅರ್ಧಕ್ಕೆ ಇಳಿಸಬೇಕು. ಆಡಿಷನ್‌ಗೆ ದುಡ್ಡು ಕೇಳುವವರ ಹತ್ತಿರ ಹೋಗಲೇಬಾರದು.

ಮನೆಯ ಮಾತು. ‘ಅಪ್ಪಯ್ಯ ಯಕ್ಷಗಾನದ ಸ್ತ್ರೀವೇಷಕ್ಕೆ ಹೆಸರಾದ ಕೋಳ್ಯೂರು ರಾಮಚಂದ್ರ ರಾಯರ ವೇಷವನ್ನು ಹೊಗಳಿದ್ದಕ್ಕೆ ಲೆಕ್ಕವಿಲ್ಲ, ನನ್ನದು ಮಾತ್ರ ನಾಚಿಕೆಯೇ?’ ಎಂದು ಇವರ ಸಂಕಟ. ನ್ಯಾಯವಾದ ಪ್ರಶ್ನೆಯೇ, ಆದರೆ ವಾದಕ್ಕೆ ಬಳಸಬೇಡಿ ಎಂದೆವು. ಸ್ತ್ರೀವೇಷದ ಕಲಾವಿದ ಚೌಕಿಯಲ್ಲಿ (ಬಣ್ಣದ ಕೋಣೆಯಲ್ಲಿ) ಬಣ್ಣ ತೆಗೆದು ಸಂಸಾರಕ್ಕೆ ಮರಳುತ್ತಾನೆ ಎಂಬುದು ಅಪ್ಪಯ್ಯನ ನೆಮ್ಮದಿ. ಅವರ ಭಯ ಸೀರೆಯದ್ದಲ್ಲ. ಬಾರು, ಕುಡಿತ, ಮದುವೆ, ಮುಪ್ಪಿನಲ್ಲಿ ಮಗನಿಗೆ ಯಾರು ಎಂಬುದು. ವಾದದಲ್ಲಿ ಗೆದ್ದರೂ ಆ ಭಯ ಹಾಗೇ ಉಳಿಯುತ್ತದೆ. ಸಂಪಾದನೆ, ಆರೋಗ್ಯ, ರಾತ್ರಿ ಎಷ್ಟು ಹೊತ್ತಿಗೆ ಮನೆ ಸೇರುತ್ತೇನೆ ಎಂಬುದನ್ನು ವಾರಕ್ಕೊಮ್ಮೆ ಫೋನಿನಲ್ಲಿ ಹೇಳುವುದು, ಉತ್ತರ ಬರದಿದ್ದರೂ ಹೇಳುವುದು, ಇದು ಮೊದಲ ಕೆಲಸ. ಗೇ ಎಂಬುದನ್ನು ಹೇಳಲು ಸಮಯವಿದೆ, ಮೊದಲು ಅಕ್ಕನಿಗೆ.

ಮದುವೆಯ ವಿಷಯದಲ್ಲಿ ಮಾತ್ರ ನಾವು ಖಡಾಖಂಡಿತ. ಒತ್ತಡ ತಪ್ಪಿಸಿಕೊಳ್ಳಲು ಹುಡುಗಿ ನೋಡುವುದಕ್ಕೂ ಒಪ್ಪಬಾರದು, ಅದು ಏನೂ ಅರಿಯದ ಇನ್ನೊಬ್ಬಳ ಬದುಕು. ಈ ಮಾತನ್ನು ಅಭ್ಯಾಸ ಮಾಡಿಸಿದೆವು: ‘ಅಮ್ಮ, ಹುಡುಗಿ ನೋಡುವುದು ಬೇಡ. ಯಾಕೆ ಅಂತ ಹೇಳಲು ಈಗ ಆಗುವುದಿಲ್ಲ. ಆದರೆ ಈ ಮಾತು ಬದಲಾಗುವುದಿಲ್ಲ.’ ‘ಡಾಕ್ಟರಿಗೆ ತೋರಿಸಿ ಸರಿಮಾಡಿಸೋಣ’ ಎಂದು ಮನೆಯವರು ಎಂದರೆ, ಇದು ಕಾಯಿಲೆಯಲ್ಲ, ಹಾಗೆ ‘ಬದಲಿಸುವ’ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿ ದುರ್ನಡತೆ ಎಂದಿದೆ ಎಂದು ಹೇಳುವ ಹೊಣೆ ನಮ್ಮದು. ಅವರನ್ನು ನಮ್ಮಲ್ಲಿಗೇ ಕರೆತನ್ನಿ ಎಂದೆವು.

ಐದು ತಿಂಗಳಾಗಿದೆ. ಸಾಯುವ ಯೋಚನೆ ಮರಳಿಲ್ಲ, ನಿದ್ದೆ ಆರು ಗಂಟೆಗೆ ಬಂದಿದೆ. ದನಿ ಮುಕ್ಕಾಲು ಪಾಲು ಸುಧಾರಿಸಿದೆ, ಒಂದು ರಾತ್ರಿಗೆ ಎರಡೇ ಹಾಡು. ಕೆಲಸ ಬಿಟ್ಟಿಲ್ಲ, ಉಳಿತಾಯ ಮೂರು ತಿಂಗಳ ಖರ್ಚಿಗೆ ಬಂದಿದೆ. ಅಕ್ಕನಿಗೆ ಎಲ್ಲ ಗೊತ್ತು, ಒಂದು ಪ್ರದರ್ಶನಕ್ಕೆ ಬಂದಿದ್ದರು. ಅಮ್ಮ ಹುಡುಕಾಟ ನಿಲ್ಲಿಸಿದ್ದಾರೆ, ಅಪ್ಪಯ್ಯ ಇನ್ನೂ ಮಾತಾಡಿಲ್ಲ. ಮುಂದಿನ ಭೇಟಿ ಜೂನ್ ಪ್ರದರ್ಶನಗಳ ನಂತರ, ಲ್ಯಾರಿಂಗೋಸ್ಕೋಪಿಯ ಎರಡನೇ ವರದಿಯೊಂದಿಗೆ.